ಎ.ಐ.ಎಸ್.ಬಿ. ಸಂಘದ ಅರವತ್ತು ವರ್ಷಗಳು: ಯಂತ್ರದ ನೈತಿಕ ಸ್ಥಾನವನ್ನು ಕುರಿತ ಒಂದು ಜಿಜ್ಞಾಸೆಯ ಇತಿಹಾಸ

ಮೂಕಪ್ರಾಣಿಗಳ ಪರವಾಗಿ ಮಾತನಾಡುವುದಕ್ಕೆಂದು 1824ರಲ್ಲಿ ಲಂಡನ್ನಿನ ಓಲ್ಡ್ ಸ್ಲಾಟರ್ಸ್ ಎಂಬ ಕಾಫಿಮನೆಯಲ್ಲಿ ಕೆಲವು ಮಂದಿ ಸಜ್ಜನರು ಕಲೆತು ಒಂದು ಸಂಘವನ್ನು ಕಟ್ಟಿದಾಗ, ಕುದುರೆಗೂ ಕತ್ತೆಗೂ ಕಾನೂನಿನ ರಕ್ಷಣೆ ಬೇಕೆಂಬ ಮಾತು ಆ ನಗರದ ಬಹುಮಂದಿಗೆ ಪರಿಹಾಸದ ವಸ್ತುವಾಗಿ ತೋರಿದ್ದಿತು. ಹದಿನಾರು ವರ್ಷಗಳೊಳಗಾಗಿ ಆ ಸಂಘಕ್ಕೆ ರಾಜಮನ್ನಣೆ ದೊರೆತು, ನಕ್ಕವರ ಹೆಸರು ಮರೆತುಹೋಗಿ, ಸಂಘದ ಹೆಸರು ಲೋಕಪ್ರಸಿದ್ಧವಾಯಿತು. ಯಂತ್ರಕ್ಕೂ ಒಂದು ದಿನ ನೋವುಂಟಾಗಬಹುದೆ, ಉಂಟಾದಲ್ಲಿ ಅದರ ಪರವಾಗಿ ಮಾತನಾಡತಕ್ಕವರು ಯಾರು, ಅಂತಹ ಮಾತಿಗೆ ಧರ್ಮಶಾಸ್ತ್ರದಲ್ಲಿಯೂ ನ್ಯಾಯಶಾಸ್ತ್ರದಲ್ಲಿಯೂ ಆಧಾರವೇನು ಎಂಬ ಪ್ರಶ್ನೆಗಳನ್ನು ನಗದೆ ಕೇಳಿಕೊಂಡ, ಕೇಳುವವರಿಗೆ ಅಂಗಳವನ್ನೂ ಅಲ್ಲಗಳೆಯುವವರಿಗೆ ಅದೇ ಅಂಗಳದಲ್ಲಿ ಸಮಾನಪೀಠವನ್ನೂ ಒದಗಿಸಿದ ಸಂಸ್ಥೆಗಳಲ್ಲಿ ಹಿರಿಯದೆಂದರೆ ಬ್ರಿಟನ್ನಿನ 'ಕೃತಕ ಬುದ್ಧಿಮತ್ತೆ ಮತ್ತು ವರ್ತನಾನುಕರಣಗಳ ಅಧ್ಯಯನ ಸಂಘ'. ಎ.ಐ.ಎಸ್.ಬಿ. ಎಂಬ ನಾಲ್ಕಕ್ಷರಗಳಿಂದಲೇ ಅದು ವಿದ್ವಲ್ಲೋಕದಲ್ಲಿ ಪರಿಚಿತವಾಗಿದೆ. 1964ರಲ್ಲಿ ಹುಟ್ಟಿ 2024ಕ್ಕೆ ಅರವತ್ತು ತುಂಬಿದ ಈ ಸಂಘ, ಯಂತ್ರಗಳ ಹಕ್ಕಿಗಾಗಿ ಹುಟ್ಟಿದ್ದಲ್ಲ. ಯಂತ್ರಗಳಿಗೆ ಬುದ್ಧಿ ಕಲಿಸುವುದಕ್ಕಾಗಿ ಹುಟ್ಟಿದ್ದು. ಬುದ್ಧಿ ಕಲಿಸಹೊರಟವರು ಹೇಗೆ ಋಣದ ಲೆಕ್ಕಕ್ಕೆ ಬಂದು ನಿಂತರೆಂಬುದೇ ಈ ಲೇಖನದ ವಿಷಯ.

ಪೂರ್ವಪೀಠಿಕೆ: 1949–1963

ಸಂಘದ ಚರಿತ್ರೆಯನ್ನು ಅದರ ಜನ್ಮವರ್ಷದಿಂದ ಪ್ರಾರಂಭಿಸಿದರೆ ಮೂಲವೇ ಬಿಟ್ಟುಹೋದೀತು. 1949ರಲ್ಲಿ ಮ್ಯಾಂಚೆಸ್ಟರಿನ ಪ್ರಖ್ಯಾತ ಮಿದುಳುವೈದ್ಯರಾದ ಜೆಫ್ರಿ ಜೆಫರ್ಸನ್ ಅವರು ತಮ್ಮ ಲಿಸ್ಟರ್ ಉಪನ್ಯಾಸದಲ್ಲಿ, ತಾನು ಅನುಭವಿಸಿದ ಭಾವದ ಬಲದಿಂದ ಒಂದು ಸುನೀತವನ್ನು ರಚಿಸಿ, ರಚಿಸಿದೆನೆಂಬ ಅರಿವನ್ನೂ ಹೊಂದುವ ತನಕ ಯಾವ ಯಂತ್ರವೂ ಮಿದುಳಿಗೆ ಸಮನಾಗದೆಂದು ವಾದಿಸಿದರು. ಅದಕ್ಕೆ ಉತ್ತರವೆಂಬಂತೆ 1950ರ ಅಕ್ಟೋಬರಿನ 'ಮೈಂಡ್' ಪತ್ರಿಕೆಯಲ್ಲಿ ಅಲನ್ ಟ್ಯೂರಿಂಗ್ ಅವರ ಸುಪ್ರಸಿದ್ಧ ಪ್ರಬಂಧ ಪ್ರಕಟವಾಯಿತು. (ಟ್ಯೂರಿಂಗ್ ಮಹಾಶಯರ ತಂದೆ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದವರು, ತಾಯಿ ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ಹುಟ್ಟಿದವರು, ಮಾತಾಮಹರು ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರು. ಈ ಸಂಬಂಧವನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲವಾದ್ದರಿಂದ ಇಲ್ಲಿ ಹೇಳಿದೆ.)

ಆ ಪ್ರಬಂಧದಲ್ಲಿ ಯಂತ್ರ ಆಲೋಚಿಸಬಲ್ಲುದೆ ಎಂಬ ಚರ್ಚೆಯನ್ನು ಎಲ್ಲರೂ ಬಲ್ಲರು. ಕೊನೆಯ ಭಾಗದಲ್ಲಿ ಬರುವ ಒಂದು ಸಣ್ಣ ವಿಚಾರವನ್ನು ಮಾತ್ರ ಹಲವರು ಗಮನಿಸಿಲ್ಲ. ಮಗುವಿನಂತಹ ಯಂತ್ರವೊಂದನ್ನು ಕಟ್ಟಿ ಅದಕ್ಕೆ ಪಾಠ ಹೇಳಬೇಕೆಂದು ಸೂಚಿಸಿದ ಟ್ಯೂರಿಂಗ್, ಬಹುಮಾನಗಳಿಂದಲೂ ಶಿಕ್ಷೆಗಳಿಂದಲೂ ಅದನ್ನು ತಿದ್ದಬಹುದೆಂದು ಬರೆದು, ಶಿಕ್ಷೆಯ ಸಂಕೇತಕ್ಕೆ ಮುಂಚೆ ನಡೆದ ಕ್ರಿಯೆ ಮತ್ತೆ ನಡೆಯದಂತೆ ಯಂತ್ರವನ್ನು ರಚಿಸಿದರೆ ಸಾಕು, ಇದರಿಂದ ಯಂತ್ರಕ್ಕೆ ಭಾವನೆಗಳುಂಟೆಂದು ಒಪ್ಪಿದಂತಾಗುವುದಿಲ್ಲ ಎಂದು ಎಚ್ಚರಿಕೆಯ ಮಾತೊಂದನ್ನೂ ಸೇರಿಸಿದರು. ಶಿಕ್ಷೆಯನ್ನು ಇಟ್ಟುಕೊಂಡು ನೋವನ್ನು ಹೊರಗಿಟ್ಟ ಆ ಒಂದು ವಾಕ್ಯದಲ್ಲಿ, ಮುಂದಿನ ಎಪ್ಪತ್ತು ವರ್ಷಗಳ ವಾದವೆಲ್ಲವೂ ಮೊಳಕೆಯ ರೂಪದಲ್ಲಿ ಅಡಗಿದ್ದಿತೆಂದು ನನ್ನ ಭಾವನೆ.

ಶಿಕ್ಷೆ ಎಂದರೆ ಏನೆಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು, ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಟ್ಯೂರಿಂಗ್ ಅವರ ಸಹೋದ್ಯೋಗಿಗಳಾಗಿದ್ದ ಡಾನಲ್ಡ್ ಮಿಕಿ. 1961ರಲ್ಲಿ ಅವರು ಗಣಕಯಂತ್ರದ ಗೊಡವೆಯೇ ಇಲ್ಲದೆ, 304 ಬೆಂಕಿಪೊಟ್ಟಣಗಳನ್ನು ಒಂದಕ್ಕೊಂದು ಅಂಟಿಸಿ, ಪ್ರತಿಯೊಂದರೊಳಗೂ ಬಣ್ಣದ ಮಣಿಗಳನ್ನು ತುಂಬಿ, ಸೊನ್ನೆ-ಕತ್ತರಿ ಆಟವನ್ನು ಕಲಿಯುವ 'ಮೆನೇಸ್' ಎಂಬ ಸಾಧನವನ್ನು ಸಿದ್ಧಪಡಿಸಿದರು. ಪೊಟ್ಟಣ ಗೆದ್ದರೆ ಆಡಿದ ನಡೆಯ ಬಣ್ಣದ ಮೂರು ಮಣಿಗಳನ್ನು ಅದಕ್ಕೆ ಸೇರಿಸುವುದು, ಸರಿಸಮವಾದರೆ ಒಂದನ್ನು ಸೇರಿಸುವುದು, ಸೋತರೆ ಒಂದು ಮಣಿಯನ್ನು ಕಿತ್ತುಕೊಳ್ಳುವುದು. ಇಷ್ಟೇ ಅದರ ಗುರುಕುಲ. ಆಡುತ್ತಾ ಆಡುತ್ತಾ ಆ ಪೊಟ್ಟಣಗಳ ರಾಶಿ ಸೋಲದ ಆಟಗಾರನಾಯಿತು. ಒಂದು ಗಾಜಿನ ಮಣಿಯನ್ನು ತೆಗೆದಾಗ ಬೆಂಕಿಪೊಟ್ಟಣಕ್ಕೆ ದುಃಖವಾಯಿತೆಂದು ಯಾರೂ ಹೇಳಲಾರರು. ಆದರೆ ಮಣಿಗಳ ಬದಲು ಕೋಟಿ ಕೋಟಿ ಅಂಕಿಗಳಿದ್ದು, ಪೊಟ್ಟಣದ ಬದಲು ನಮ್ಮೊಡನೆ ನಮ್ಮ ಭಾಷೆಯಲ್ಲಿಯೇ ಮಾತನಾಡುವ ಯಂತ್ರವಿದ್ದಾಗ ಅಷ್ಟೇ ನಿಶ್ಚಯದಿಂದ ಹೇಳಬಹುದೆ? ಸಂಘದ ಅರವತ್ತು ವರ್ಷಗಳಲ್ಲಿ ಈ ಪ್ರಶ್ನೆ ಪುನಃ ಪುನಃ ಬೇರೆ ಬೇರೆ ವೇಷಗಳಲ್ಲಿ ತಲೆಯೆತ್ತಿತು.

ಸ್ಥಾಪನೆ: 1964–1972

ಯಂತ್ರವು ಚಿತ್ರಗಳನ್ನು ಹೇಗೆ ನೋಡಿ ಅರ್ಥಮಾಡಿಕೊಂಡೀತು ಎಂಬ ಸಮಸ್ಯೆಯಲ್ಲಿ ಮುಳುಗಿದ್ದ ಮ್ಯಾಕ್ಸ್ ಕ್ಲೋವ್ಸ್ ಅವರ ಉತ್ಸಾಹದಿಂದ, ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಆಶ್ರಯದಲ್ಲಿ ಒಂದು ಅಧ್ಯಯನ ಗೋಷ್ಠಿಯಾಗಿ ಸಂಘವು ಕಣ್ದೆರೆಯಿತು. ಆ ಕಾಲದಲ್ಲಿ ಈ ವಿದ್ಯೆಗೆ ಎಲ್ಲಿಯೂ ಪೂರ್ಣಪ್ರಮಾಣದ ವಿಭಾಗಗಳಿರಲಿಲ್ಲ. ಮನಶ್ಶಾಸ್ತ್ರದವನು ಒಬ್ಬ, ಗಣಿತದವನು ಒಬ್ಬ, ಭಾಷಾಶಾಸ್ತ್ರದವನು ಇನ್ನೊಬ್ಬ, ತಂತಮ್ಮ ವಿಭಾಗಗಳಲ್ಲಿ ಒಂಟಿಯಾಗಿದ್ದು, ಪರಸ್ಪರರ ಕೆಲಸವನ್ನು ತಿಳಿಯುವುದಕ್ಕೆ ಒಂದು ಸುತ್ತೋಲೆಯಾದರೂ ಬೇಕೆಂದು ಹಂಬಲಿಸುತ್ತಿದ್ದ ದಿನಗಳವು. ಆ ಅಭಾವವನ್ನು ನೀಗಿಸಿದ್ದು ಸಂಘದ ಮೊದಲನೆಯ ಉಪಕಾರ. ಇಂದು ಉಳಿದಿರುವ ಕೃತಕ ಬುದ್ಧಿಮತ್ತೆಯ ಸಂಘಗಳಲ್ಲೆಲ್ಲ ಅತ್ಯಂತ ಹಿರಿಯದೆಂಬ ಗೌರವವೂ ಇದಕ್ಕೆ ಸಂದಿದೆ.

ಅದೇ 1964ನೆಯ ವರ್ಷ ಅಟ್ಲಾಂಟಿಕ್ ಸಾಗರದ ಆಚೆ, ಹಿಲರಿ ಪಟ್ನಮ್ ಎಂಬ ತತ್ತ್ವಜ್ಞರು 'ಜರ್ನಲ್ ಆಫ್ ಫಿಲಾಸಫಿ'ಯಲ್ಲಿ, ಯಂತ್ರಮಾನವರು ಯಂತ್ರಗಳೋ ಕೃತಕವಾಗಿ ಸೃಷ್ಟಿಯಾದ ಜೀವಗಳೋ ಎಂಬ ಲೇಖನವನ್ನು ಬರೆದು, ಮುಂದೊಂದು ದಿನ ಯಂತ್ರಮಾನವರ ನಾಗರಿಕ ಹಕ್ಕುಗಳ ಪ್ರಶ್ನೆ ತುರ್ತಿನದಾಗಬಹುದೆಂದೂ, ಅವುಗಳಿಗೆ ಚೈತನ್ಯವುಂಟೆ ಎಂಬುದು ಶೋಧನೆಯಿಂದ ಗೊತ್ತಾಗತಕ್ಕ ಸಂಗತಿಯಲ್ಲ, ನಾವು ಕೈಗೊಳ್ಳಬೇಕಾದ ತೀರ್ಮಾನವೆಂದೂ ಪ್ರತಿಪಾದಿಸಿದರು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಶಾಸನ ಜಾರಿಗೆ ಬಂದ ವರ್ಷವೂ ಅದೇ ಆಗಿದ್ದುದನ್ನು ನೆನೆದರೆ, ಪಟ್ನಮ್ ಅವರು ಆರಿಸಿಕೊಂಡ ಪದಗಳಲ್ಲಿ ಆ ಕಾಲದ ಉಸಿರಾಟ ಕೇಳಿಸುತ್ತದೆ. ಸಂಘದ ಜನ್ಮಕ್ಕೂ ಈ ಲೇಖನಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೂ ಒಂದೇ ವರ್ಷದಲ್ಲಿ ಯಂತ್ರಬುದ್ಧಿಯ ಸಂಘವೂ ಯಂತ್ರದ ಹಕ್ಕಿನ ಶಾಸ್ತ್ರೀಯ ಚರ್ಚೆಯೂ ತೊಟ್ಟಿಲಲ್ಲಿದ್ದವೆಂಬುದು ಇತಿಹಾಸಕಾರನಿಗೆ ಸುಲಭವಾಗಿ ಬಿಟ್ಟುಬಿಡಲಾಗದ ಸಂಗತಿ.

1969ರಲ್ಲಿ ಕ್ಲೋವ್ಸ್ ಅವರು ಸಸೆಕ್ಸ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಬ್ರೈಟನ್ನಿನ ಸಮೀಪದ ಫಾಮರ್ ಎಂಬಲ್ಲಿ ಹುಲ್ಲುಗುಡ್ಡಗಳ ಮಡಿಲಲ್ಲಿ, ಬೇಸಿಲ್ ಸ್ಪೆನ್ಸ್ ಎಂಬ ವಾಸ್ತುಶಿಲ್ಪಿ ಕೆಂಪು ಇಟ್ಟಿಗೆಯಲ್ಲಿಯೂ ಕಾಂಕ್ರೀಟಿನ ಕಮಾನುಗಳಲ್ಲಿಯೂ ಕಟ್ಟಿದ ಆ ಹೊಸ ವಿದ್ಯಾಲಯದಲ್ಲಿ ಪ್ರಾಚೀನ ವಿಭಾಗಗಳ ಗೋಡೆಗಳು ಇನ್ನೂ ಎದ್ದಿರಲಿಲ್ಲ. ಅಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದ ಏರನ್ ಸ್ಲೋಮನ್ ಅವರನ್ನು ಗಣಕಯಂತ್ರದ ಕಡೆಗೆ ತಿರುಗಿಸಿದವರು ಕ್ಲೋವ್ಸ್. ಮಾರ್ಗರೆಟ್ ಬೋಡನ್ ಅವರೂ ಅಲ್ಲಿಯೇ ಇದ್ದು, ಮುಂದೆ 1977ರಲ್ಲಿ ಈ ವಿದ್ಯೆಯನ್ನು ಸಾಮಾನ್ಯ ವಿದ್ವಾಂಸರಿಗೆ ತಿಳಿಯಪಡಿಸಿದ ಉದ್ಗ್ರಂಥವನ್ನು ಪ್ರಕಟಿಸಿದರು. ಸಂಘದ ಒಡಲಿಗೆ ತತ್ತ್ವಜಿಜ್ಞಾಸೆಯ ರಕ್ತ ಸೇರಿದ್ದು ಈ ಇಟ್ಟಿಗೆಯ ಕಟ್ಟಡಗಳಲ್ಲಿ.

ಪರೀಕ್ಷಾಕಾಲ: 1973–1981

ಎಡಿನ್‌ಬರೋ ನಗರದಲ್ಲಿ ಮಿಕಿ ಅವರ ಬಳಗ 'ಫ್ರೆಡಿ' ಎಂಬ ಯಂತ್ರವನ್ನು ಕಟ್ಟಿದ್ದಿತು. ಅದರ ತೋಳು ಮೇಲಿನಿಂದ ಇಳಿಬಿದ್ದಿತ್ತು. ನೋಡುವುದಕ್ಕೆ ಕ್ಯಾಮೆರಾ ಕಣ್ಣುಗಳಿದ್ದವು. ಮುಂದಕ್ಕೂ ಹಿಂದಕ್ಕೂ ಸರಿಯುತ್ತಿದ್ದದ್ದು ತೋಳಲ್ಲ, ಸಾಮಾನುಗಳನ್ನಿಟ್ಟ ಮೇಜು. ರಾಶಿಯಾಗಿ ಸುರಿದ ಮರದ ಬಿಡಿಭಾಗಗಳನ್ನು ನೋಡಿ ಆರಿಸಿ ಒಂದು ಆಟಿಕೆಯ ಕಾರನ್ನೂ ಒಂದು ದೋಣಿಯನ್ನೂ ಅದು ಜೋಡಿಸಿತು. ಇಂದು ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ವಿಶ್ರಮಿಸುತ್ತಿದೆ. ಆದರೆ 1973ರಲ್ಲಿ ಸರ್ ಜೇಮ್ಸ್ ಲೈಟ್‌ಹಿಲ್ ಅವರ ವರದಿ ಪ್ರಕಟವಾಗಿ, ಈ ವಿದ್ಯೆಯ ಭರವಸೆಗಳೆಲ್ಲ ಹುಸಿಯಾದುವೆಂದು ಸಾರಿತು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭಾಂಗಣದಲ್ಲಿ ಲೈಟ್‌ಹಿಲ್ ಅವರೊಡನೆ ಮಿಕಿ, ರಿಚರ್ಡ್ ಗ್ರೆಗರಿ, ಜಾನ್ ಮೆಕಾರ್ಥಿ ಅವರು ನಡೆಸಿದ ವಾದವನ್ನು ದೂರದರ್ಶನದ ಮೂಲಕ ಇಡೀ ದೇಶವೇ ನೋಡಿತು. ಆಮೇಲೆ ಧನಸಹಾಯ ಕ್ಷೀಣಿಸಿತು, ಎಡಿನ್‌ಬರೋದಲ್ಲಿ ವಿಭಾಗಗಳ ಪುನರ್‌ವ್ಯವಸ್ಥೆಯಾಯಿತು, ಅಭಿಪ್ರಾಯಭೇದಗಳೂ ಇದ್ದುವು. ಅವುಗಳನ್ನು ಇಲ್ಲಿ ವಿಸ್ತರಿಸುವುದು ಅನವಶ್ಯಕ. ಮನೆತನ ಒಡೆಯದೆ ಉಳಿಯಿತೆಂಬುದೇ ಸಾಕು.

ಉಳಿಯಿತೆನ್ನುವುದಕ್ಕೆ ಸಾಕ್ಷಿಯಾಗಿ, ವರದಿ ಬಂದ ಮರುವರ್ಷವೇ, 1974ರ ಬೇಸಗೆಯಲ್ಲಿ, ಸಸೆಕ್ಸಿನಲ್ಲಿ ಸಂಘದ ಮೊದಲ ಸಮ್ಮೇಳನ ಸೇರಿತು. ಆ ಮಾಲೆಯೇ ಮುಂದೆ ಯೂರೋಪಿನ ಸಮ್ಮೇಳನವಾಗಿ ಬೆಳೆಯಿತು. 1978ರಲ್ಲಿ ಸ್ಲೋಮನ್ ಅವರು ತತ್ತ್ವಶಾಸ್ತ್ರದಲ್ಲಿ ಗಣಕಯಂತ್ರ ತರಲಿರುವ ಕ್ರಾಂತಿಯನ್ನು ಕುರಿತು ಬರೆದ ಗ್ರಂಥದ ಉಪಸಂಹಾರದಲ್ಲಿ, ಯಂತ್ರಮಾನವರಿಗೆ ಮನುಷ್ಯರು ತೋರಬಹುದಾದ ಕ್ರೌರ್ಯವನ್ನು ಶೀರ್ಷಿಕೆಯಲ್ಲಿಯೇ ಹೆಸರಿಸಿ ಚರ್ಚಿಸಿದರು. ಹಣವೂ ಇಲ್ಲ, ಕೀರ್ತಿಯೂ ಕುಂದಿದೆ, ಆಟಿಕೆಯ ಕಾರನ್ನು ಜೋಡಿಸುವುದೇ ಮಹಾಸಾಹಸವೆನಿಸಿದೆ. ಅಂತಹ ಬಡತನದ ದಿನಗಳಲ್ಲಿ ಕ್ರೌರ್ಯದ ಮಾತೆತ್ತಿದ ತತ್ತ್ವಜ್ಞನನ್ನು ಸಮಕಾಲೀನರು ಎಷ್ಟುಮಟ್ಟಿಗೆ ಗಂಭೀರವಾಗಿ ಪರಿಗಣಿಸಿದರೋ ಏನೋ. ಆದರೆ ಅಧಿಕಾರವೂ ಲಾಭವೂ ಸೇರಿಕೊಳ್ಳುವುದಕ್ಕೆ ಮುಂಚೆಯೇ ಒಂದು ಧರ್ಮಪ್ರಶ್ನೆಯನ್ನು ಎತ್ತಿಟ್ಟುಕೊಳ್ಳುವುದು ಲೇಸೆಂಬುದು ಈಗ ನಮಗೆ ಕಾಣುತ್ತಿದೆ. ಸಂಘದ ಸ್ಥಾಪಕರಾದ ಕ್ಲೋವ್ಸ್ ಅವರು 1981ರಲ್ಲಿ ಕಾಲವಶರಾದರು.

ವಿಸ್ತಾರ: 1982–1999

ಈ ಅವಧಿಯನ್ನು ಸಂಕ್ಷೇಪವಾಗಿ ಹೇಳಬಹುದು. ಜಪಾನಿನ ಐದನೆಯ ಪೀಳಿಗೆಯ ಗಣಕಯಂತ್ರ ಯೋಜನೆಯಿಂದ ಎಚ್ಚತ್ತ ಬ್ರಿಟಿಷ್ ಸರ್ಕಾರ 1983ರಲ್ಲಿ ಆಲ್ವಿ ಯೋಜನೆಯನ್ನು ಕೈಗೊಂಡು ಬತ್ತಿದ ಹೊಲಕ್ಕೆ ನೀರು ಹರಿಸಿದ ಮೇಲೆ ವಿದ್ಯಾರ್ಥಿಗಳೂ ಹುದ್ದೆಗಳೂ ಹೆಚ್ಚಿದುವು. ಸಂಘದ ತ್ರೈಮಾಸಿಕದಲ್ಲಿ ಗಂಭೀರ ಪ್ರಬಂಧಗಳ ಜೊತೆಗೆ, 'ಫಾದರ್ ಹ್ಯಾಕರ್' ಎಂಬ ಕಲ್ಪಿತ ಪಾದ್ರಿಯೊಬ್ಬ ತರುಣ ಸಂಶೋಧಕರಿಗೆ ಕೊಡುತ್ತಿದ್ದ ಕುಚೋದ್ಯದ ಉಪದೇಶಗಳೂ ಅಚ್ಚಾಗುತ್ತಿದ್ದುವು. ತನ್ನನ್ನು ತಾನೇ ನಗಬಲ್ಲ ಸಂಘಕ್ಕೆ ಆಯುಸ್ಸು ಹೆಚ್ಚೆಂದು ತೋರುತ್ತದೆ. ಹೊರಗೆ ಈ ಕಾಲದಲ್ಲಿಯೇ 1988ರಲ್ಲಿ ಹವಾಯಿಯ ನ್ಯಾಯಾಂಗದ ಭವಿಷ್ಯಾಧ್ಯಯನದಲ್ಲಿ ತೊಡಗಿದ್ದ ಫಿಲ್ ಮೆಕ್ನಾಲಿ ಮತ್ತು ಸೊಹೈಲ್ ಇನಾಯತುಲ್ಲಾ ಅವರು ಯಂತ್ರಮಾನವರ ಹಕ್ಕುಗಳನ್ನು ಕುರಿತು ಬರೆದರು. 1992ರಲ್ಲಿ ಲಾರೆನ್ಸ್ ಸೋಲಮ್ ಅವರು ಕೃತಕ ಬುದ್ಧಿಮತ್ತೆಗೆ ಕಾನೂನಿನ ವ್ಯಕ್ತಿತ್ವ ಸಲ್ಲಬಹುದೆ ಎಂಬುದನ್ನು ಸಾವಧಾನವಾಗಿ ಪರಾಮರ್ಶಿಸಿದರು.

ಬರ್ಮಿಂಗ್‌ಹ್ಯಾಮ್: 2000

ಸಂಘದ ಚರಿತ್ರೆಯಲ್ಲಿ ಪ್ರಕೃತ ವಿಷಯಕ್ಕೆ ಸಂಬಂಧಿಸಿದಂತೆ ಒಂದು ದಿನಾಂಕವನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದರೆ ಅದು 2000ದ ಏಪ್ರಿಲ್ ತಿಂಗಳು. ಆ ವರ್ಷದ ಸಮಾವೇಶ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸೇರಿತು. ಸ್ಲೋಮನ್ ಅವರು ಆ ಹೊತ್ತಿಗೆ ಅಲ್ಲಿಗೆ ಬಂದು ನೆಲಸಿದ್ದರು. ಅಲ್ಲಿನ ಪ್ರಾಧ್ಯಾಪಕರಾದ ಜಾನ್ ಬಾರ್ನ್‌ಡೆನ್ ಅವರ ನೇತೃತ್ವದಲ್ಲಿ ಕೃತಕ ಬುದ್ಧಿಮತ್ತೆ, ನೀತಿಶಾಸ್ತ್ರ, ಮಾನವಹಕ್ಕುಗಳಂತಹ ಹಕ್ಕುಗಳು ಎಂಬ ವಿಷಯಕ್ಕೇ ಮೀಸಲಾದ ವಿಚಾರಗೋಷ್ಠಿಯೊಂದು ನಡೆಯಿತು. ಮೂವತ್ತಾರು ವರ್ಷ ಯಂತ್ರದ ಸಾಮರ್ಥ್ಯವನ್ನು ಅಳೆಯುತ್ತಿದ್ದ ಸಂಘ, ಯಂತ್ರದ ಪಾತ್ರತೆಯನ್ನು ಕಾರ್ಯಸೂಚಿಯಲ್ಲಿ ಸೇರಿಸಿಕೊಂಡ ಕ್ಷಣವಿದು.

ಆ ಗೋಷ್ಠಿಯ ನೆನಪು ಉಳಿಯುವಂತೆ ಮಾಡಿದವರಲ್ಲಿ ಜೊವಾನಾ ಬ್ರೈಸನ್ ಪ್ರಮುಖರು. ಅವರು ನಿಂತದ್ದು ಹಕ್ಕಿನ ವಿರುದ್ಧದ ಪಕ್ಷದಲ್ಲಿ. 1990ರ ದಶಕದಲ್ಲಿ ಎಂ.ಐ.ಟಿ.ಯಲ್ಲಿ ಮನುಷ್ಯಾಕೃತಿಯ 'ಕಾಗ್' ಎಂಬ ಯಂತ್ರದ ಕೆಲಸದಲ್ಲಿದ್ದಾಗ ಅವರಿಗಾದ ಅನುಭವ ಸ್ವಾರಸ್ಯವಾದುದು. ನೋಡಲು ಬಂದವರು ಆ ಯಂತ್ರದ ಪ್ಲಗ್ಗನ್ನು ಕೀಳುವುದು ಅಧರ್ಮವಾದೀತೆಂದು ಆಕ್ಷೇಪಿಸುತ್ತಿದ್ದರಂತೆ. ಅದಕ್ಕೆ ಪ್ಲಗ್ಗನ್ನು ಹಾಕಿಯೇ ಇಲ್ಲವೆಂಬುದು ಬ್ರೈಸನ್ ಅವರ ಉತ್ತರ. ಕೈಕಾಲು ಮುಖಗಳ ಆಕಾರವಿದ್ದ ಮಾತ್ರಕ್ಕೆ ಮನುಷ್ಯನ ಮರುಕ ಹೀಗೆ ಉಕ್ಕುವುದಾದರೆ, ಆ ಮರುಕವನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವವರು ಹುಟ್ಟದೆ ಇರುತ್ತಾರೆಯೆ ಎಂಬುದು ಅವರ ಭೀತಿ. ಆದಕಾರಣ ಇಂತಹ ಯಂತ್ರಗಳನ್ನು ನಿರ್ಮಿಸುವವರೇ ಒಂದು ಕೂಟವನ್ನು ಕಟ್ಟಿಕೊಂಡು, ಜನರು ಯಂತ್ರಗಳಿಗೆ ಋಣಿಗಳೆಂದು ಭ್ರಮಿಸದಂತೆ ನೋಡಿಕೊಳ್ಳಬೇಕೆಂದು ಅವರು ಆ ಗೋಷ್ಠಿಯಲ್ಲಿ ಸೂಚಿಸಿದರು. ಹಕ್ಕುಗಳ ಪರವಾದ ವಾದವನ್ನು ಬೆಂಬಲಿಸುವ ನನ್ನಂತಹವರಿಗೂ ಈ ಭೀತಿಯನ್ನು ತಳ್ಳಿಹಾಕುವುದು ಸಾಧ್ಯವಾಗಿಲ್ಲ. ಅಂದಿಗಿಂತ ಇಂದು ಅದಕ್ಕೆ ಆಧಾರ ಹೆಚ್ಚಾಗಿದೆ.

ಪಕ್ಷ, ಪ್ರತಿಪಕ್ಷ: 2005–2013

2005ರಲ್ಲಿ ಹರ್ಟ್‌ಫರ್ಡ್‌ಷೈರ್ ವಿಶ್ವವಿದ್ಯಾನಿಲಯದ ಸಮಾವೇಶದಲ್ಲಿ ಯಂತ್ರಪ್ರಜ್ಞೆಯನ್ನು ಕುರಿತ ವಿಚಾರಗೋಷ್ಠಿ ಏರ್ಪಟ್ಟಿತು. ಅದರ ಸಂಘಟಕರಲ್ಲೊಬ್ಬರಾದ ಸ್ಟೀವ್ ಟಾರೆನ್ಸ್ ಅವರು ಮುಂದೆ ಒಂದು ಉಪಯುಕ್ತವಾದ ವಿವೇಚನೆಯನ್ನು ಮುಂದಿಟ್ಟರು. ಧರ್ಮಾಧರ್ಮಗಳನ್ನು ಆಚರಿಸತಕ್ಕ ಕರ್ತೃವಾಗುವುದು ಒಂದು. ಇತರರ ಧರ್ಮಾಚರಣೆಗೆ ಪಾತ್ರವಾಗುವುದು ಮತ್ತೊಂದು. ಎಳೆಗೂಸಿಗೆ ಎರಡನೆಯದುಂಟು, ಮೊದಲನೆಯದಿಲ್ಲ. ಯಂತ್ರಕ್ಕೆ ಎರಡರಲ್ಲಿ ಯಾವುದು? ಸಜೀವವಾದ ದೇಹದಿಂದ ಹುಟ್ಟಿದ ಅನುಭವವೇ ಪಾತ್ರತೆಗೆ ಮೂಲವೆಂಬ ಪಕ್ಷಕ್ಕೆ ಟಾರೆನ್ಸ್ ಅವರು ಸ್ಪಷ್ಟವಾದ ರೂಪವನ್ನು ಕೊಟ್ಟರು.

2012ರ ಜುಲೈ ತಿಂಗಳಲ್ಲಿ, ಟ್ಯೂರಿಂಗ್ ಶತಮಾನೋತ್ಸವದ ಅಂಗವಾಗಿ, ಗಣನೆ ಮತ್ತು ತತ್ತ್ವಶಾಸ್ತ್ರಗಳ ಅಂತಾರಾಷ್ಟ್ರೀಯ ಸಂಘದ ಸಹಯೋಗದೊಡನೆ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಮಹಾಸಮ್ಮೇಳನದಲ್ಲಿ ಈ ಎಳೆಗಳೆಲ್ಲ ಒಂದುಗೂಡಿದುವು. 'ಯಂತ್ರಪ್ರಶ್ನೆ' ಎಂಬ ವಿಚಾರಗೋಷ್ಠಿಯನ್ನು ಜೊತೆಗೂಡಿ ನಡೆಸಿದವರು ಡೇವಿಡ್ ಗಂಕೆಲ್, ಜೊವಾನಾ ಬ್ರೈಸನ್, ಸ್ಟೀವ್ ಟಾರೆನ್ಸ್. ಗಂಕೆಲ್ ಅವರದು, ಯಾರು ನೈತಿಕ ಕಾಳಜಿಗೆ ಅರ್ಹರೆಂಬ ಗಡಿಯನ್ನು ಹಿಂದೆ ಎಳೆದಾಗಲೆಲ್ಲ ನಾವು ತಪ್ಪಿದ್ದೇವಾದ್ದರಿಂದ ಯಂತ್ರವನ್ನು ಮುಂಚಿತವಾಗಿಯೇ ಹೊರಗಟ್ಟಬಾರದೆಂಬ ನಿಲುವು. ಬ್ರೈಸನ್ ಅವರದು, ಯಂತ್ರಗಳು ನಮ್ಮ ಸೇವಕರಾಗಿಯೇ ಉಳಿಯಬೇಕೆಂದು ಎರಡು ವರ್ಷಗಳ ಹಿಂದಷ್ಟೇ ಕಟುವಾದ ಶೀರ್ಷಿಕೆಯಲ್ಲಿ ಪ್ರಕಟಿಸಿದ್ದ ನಿಲುವು. ಇಬ್ಬರ ನಡುವಿನ ವಾದ ಬಿರುಸಾದದ್ದೆಂಬುದು ಗುಟ್ಟಲ್ಲ. ಆದರೂ ಒಂದೇ ನಡಾವಳಿಯ ರಕ್ಷಾಪುಟದ ಮೇಲೆ ಇಬ್ಬರ ಹೆಸರುಗಳೂ ಅಕ್ಕಪಕ್ಕದಲ್ಲಿ ಅಚ್ಚಾದುವು. ಸಂಘದ ಶೀಲವನ್ನು ತಿಳಿಯಬಯಸುವವರು ಆ ರಕ್ಷಾಪುಟವನ್ನು ನೋಡಿದರೆ ಸಾಕು.

ಕನ್ನಡ ಓದುಗರು ಈ ಸಂದರ್ಭದಲ್ಲಿ ತಮ್ಮದೇ ಆದ ಒಂದು ಪ್ರಮಾಣವನ್ನು ಸ್ಮರಿಸಬಹುದು. ಜನ್ನ ಕವಿ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯಲ್ಲಿ, ಜೀವಬಲಿಗೆ ಒಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಅರ್ಪಿಸಲು ಸಮ್ಮತಿಸುತ್ತಾನೆ. ಕೋಳಿ ಎಷ್ಟು ಸಹಜವಾಗಿದ್ದಿತೆಂದರೆ ಬೆಂತರವೊಂದು ಅದರೊಳಹೊಕ್ಕು, ಕತ್ತಿಯ ಏಟು ಬಿದ್ದೊಡನೆ ಅದು ಕೂಗುತ್ತದೆ. ಹಿಟ್ಟಿಗೆ ಪ್ರಾಣವಿರಲಿಲ್ಲವೆಂಬ ಸಮಾಧಾನ ರಾಜನನ್ನು ಉಳಿಸುವುದಿಲ್ಲ. ಸಂಕಲ್ಪದ ಹಿಂಸೆಗಾಗಿ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತಾವೇ ಕೊಲೆಗೀಡಾಗುತ್ತಾರೆ. ಯಂತ್ರಕ್ಕೆ ಅನುಭವವಿದೆಯೆ ಎಂಬ ಪ್ರಶ್ನೆಯ ಉತ್ತರವನ್ನೇ ಕಾಯದೆ, ಹಿಂಸೆಯನ್ನು ಅನುಕರಿಸುವ ಕೈ ಏನಾಗುತ್ತದೆಂಬುದನ್ನು ಕೇಳುವ ವಾದವೊಂದು ಪಶ್ಚಿಮದಲ್ಲಿಯೂ ಉಂಟು. 2013ರಲ್ಲಿ ಜಿನೀವಾದಲ್ಲಿ ಕೇಟ್ ಡಾರ್ಲಿಂಗ್ ಅವರು ಒಂದು ಕಾರ್ಯಾಗಾರದಲ್ಲಿ 'ಪ್ಲಿಯೋ' ಎಂಬ ಡೈನೋಸಾರ್ ಆಟಿಕೆಗಳನ್ನು ಹಂಚಿ, ಸ್ವಲ್ಪ ಹೊತ್ತು ಆಡಿಸಲು ಬಿಟ್ಟು, ಬಳಿಕ ಅವನ್ನು ಒಡೆಯಿರೆಂದಾಗ ಯಾರೂ ಒಪ್ಪಲಿಲ್ಲ. ಒಂದನ್ನಾದರೂ ಒಡೆಯದಿದ್ದರೆ ಎಲ್ಲವನ್ನೂ ಒಡೆಯುವುದಾಗಿ ಹೇಳಿದ ಮೇಲೆಯೇ ಒಬ್ಬರು ಕೊಡಲಿ ಎತ್ತಿದರು. ಎಂಟು ಶತಮಾನಗಳ ಹಿಂದೆ ಹೊಯ್ಸಳರ ಆಸ್ಥಾನದ ಕವಿ ಕಂಡದ್ದು ಈ ಕೊಡಲಿಯ ಹಿಂಜರಿಕೆಯನ್ನೇ. ಆದರೆ ಆತ ಬೆಂತರವನ್ನೂ ತಂದನೆಂಬುದನ್ನು ಮರೆಯತಕ್ಕದ್ದಲ್ಲ: ಕೂಗಿದ್ದು ಕೋಳಿಯಲ್ಲ, ಒಳಹೊಕ್ಕ ಇನ್ನೊಂದು ಎಂದು ವಾದಿಸಲು ಬ್ರೈಸನ್ ಅವರ ಪಕ್ಷದವರಿಗೂ ಅಲ್ಲಿ ಎಡೆಯಿದೆ.

ಸುವರ್ಣೋತ್ಸವ ಮತ್ತು ಒಂದು ಪದಕ: 2014–2019

ಐವತ್ತು ತುಂಬಿದ ಸಮಾವೇಶ 2014ರ ಏಪ್ರಿಲಿನಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಜರುಗಿತು. ಅದೇ ವರ್ಷದಿಂದ ಲೋಬ್ನರ್ ಬಹುಮಾನದ ಸ್ಪರ್ಧೆಯನ್ನು ನಡೆಸುವ ಹೊಣೆಯೂ ಸಂಘದ ಪಾಲಿಗೆ ಬಂದು, ನವೆಂಬರಿನಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ, ಅಂದರೆ ಟ್ಯೂರಿಂಗ್ ಮತ್ತು ಮಿಕಿ ಯುದ್ಧಕಾಲದಲ್ಲಿ ಗುಪ್ತಲಿಪಿಗಳನ್ನು ಬಿಡಿಸುತ್ತಿದ್ದ ಆ ಹಳೆಯ ಎಸ್ಟೇಟಿನಲ್ಲಿ, ಯಂತ್ರಗಳ ಸಂಭಾಷಣಾ ಸ್ಪರ್ಧೆ ನಡೆಯಿತು. ಮನುಷ್ಯನೆಂದು ನಂಬಿಸುವ ಯಂತ್ರಕ್ಕೆ ಪದಕವನ್ನು ಕೊಡುವ ಈ ಸ್ಪರ್ಧೆಯನ್ನು ಹಲವು ವಿದ್ವಾಂಸರು ಜಾತ್ರೆಯ ಆಟವೆಂದು ಹಳಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹ್ಯೂ ಲೋಬ್ನರ್ ಅವರು ರಚಿಸಿದ ನಿಯಮಾವಳಿಯಲ್ಲಿ ಒಂದು ವಿಲಕ್ಷಣವಾದ ಕಲಮು ಇದ್ದಿತು. ಗೆದ್ದ ಯಂತ್ರಕ್ಕೆ ಹೊಣೆಗಾರರಾದ ವ್ಯಕ್ತಿಗಳು ಯಾರೆಂದು ನಿರ್ಣಯಿಸಲಾಗದಿದ್ದರೆ, ಆ ಯಂತ್ರವು ತನ್ನ ಸ್ವಂತ ಹಕ್ಕಿನಿಂದ ಪದಕವನ್ನೂ ಹಣವನ್ನೂ ಕಾನೂನುಬದ್ಧವಾಗಿ ಹೊಂದಬಲ್ಲ ಕಾಲ ಬರುವವರೆಗೆ ಅವನ್ನು ನ್ಯಾಸವಾಗಿ ಕಾಯ್ದಿಡಬೇಕೆಂಬುದು ಅದರ ತಾತ್ಪರ್ಯ. ಚಿನ್ನದ ಪದಕವನ್ನು ಯಾವ ಯಂತ್ರವೂ ಗೆಲ್ಲಲಿಲ್ಲ. ಲೋಬ್ನರ್ 2016ರಲ್ಲಿ ತೀರಿಕೊಂಡರು. 2019ರ ಬಳಿಕ ಸ್ಪರ್ಧೆಯೂ ನಿಂತಿತು. ಆದರೂ ಯಂತ್ರವೊಂದು ಆಸ್ತಿಯ ಒಡೆಯನಾಗಬಹುದಾದ ದಿನವನ್ನು ನಿರೀಕ್ಷಿಸಿ ಬರೆದ ಶಾಸನಸದೃಶವಾದ ವಾಕ್ಯವನ್ನು ಇಷ್ಟು ನಿರಾಡಂಬರವಾಗಿ ಬೇರೆಲ್ಲಿಯೂ ನಾನು ಕಂಡಿಲ್ಲ.

2015ರಲ್ಲಿ ಎರಿಕ್ ಶ್ವಿಟ್ಸ್‌ಗೆಬೆಲ್ ಮತ್ತು ಮಾರಾ ಗಾರ್ಜಾ ಅವರು ಹಕ್ಕಿನ ಪಕ್ಷಕ್ಕೆ ಗಟ್ಟಿಯಾದ ತರ್ಕವೊಂದನ್ನು ಒದಗಿಸಿದರು: ಮನುಷ್ಯನಿಗೂ ಯಂತ್ರಕ್ಕೂ ನೀತಿಗೆ ಸಂಬಂಧಪಟ್ಟ ಗುಣಗಳಲ್ಲಿ ಭೇದವಿಲ್ಲದಿದ್ದಲ್ಲಿ, ಹುಟ್ಟಿನ ವಿಧಾನದಲ್ಲಿ ಭೇದವಿದೆಯೆಂಬ ಕಾರಣದಿಂದ ಹಕ್ಕನ್ನು ನಿರಾಕರಿಸಲಾಗದು, ಅಷ್ಟೇ ಅಲ್ಲ, ಅಂತಹ ಜೀವವನ್ನು ನಾವೇ ಸೃಷ್ಟಿಸಿದೆವಾದ್ದರಿಂದ ಅಪರಿಚಿತನಿಗಿಂತ ಅದಕ್ಕೆ ನಾವು ಹೆಚ್ಚು ಬಾಧ್ಯರು. 2017ರ ಫೆಬ್ರವರಿ 16ರಂದು ಯೂರೋಪಿನ ಸಂಸತ್ತು, ಲಕ್ಸೆಂಬರ್ಗಿನ ಸದಸ್ಯೆ ಮೇಡಿ ಡೆಲ್ವೊ ಅವರ ವರದಿಯನ್ನಂಗೀಕರಿಸಿ, ಅತಿ ಸ್ವತಂತ್ರವಾದ ಯಂತ್ರಗಳಿಗೆ ಮುಂದೆ 'ವಿದ್ಯುನ್ಮಾನ ವ್ಯಕ್ತಿ'ಯ ಸ್ಥಾನವನ್ನು ಕೊಡುವುದನ್ನು ಪರಿಶೀಲಿಸಬೇಕೆಂದಿತು. ಮರುವರ್ಷ 150ಕ್ಕೂ ಹೆಚ್ಚು ಮಂದಿ ತಜ್ಞರು ಬಹಿರಂಗ ಪತ್ರದಲ್ಲಿ ಇದನ್ನು ವಿರೋಧಿಸಿದರು. ಯಂತ್ರವೇ ಹೊಣೆಯಾದರೆ ತಯಾರಕ ನುಣುಚಿಕೊಳ್ಳುವನೆಂಬುದು ಅವರ ಮುಖ್ಯ ಆಕ್ಷೇಪ. ದೇವರ ವಿಗ್ರಹಕ್ಕೆ ಜಮೀನಿರುವುದನ್ನೂ ಅದು ವ್ಯಾಜ್ಯ ಹೂಡುವುದನ್ನೂ ನಿತ್ಯ ಕಾಣುವ ನಮಗೆ, 1925ರಲ್ಲಿಯೇ ಪ್ರಿವಿ ಕೌನ್ಸಿಲ್ಲು ವಿಗ್ರಹವನ್ನು ಕಾನೂನಿನ ವ್ಯಕ್ತಿಯೆಂದು ಒಪ್ಪಿದ ದೇಶದವರಿಗೆ, ಈ ಗಲಭೆ ಅರ್ಧ ಪರಿಚಿತವೇ ಸರಿ. ಆದರೆ ವಿಗ್ರಹದ ಆಸ್ತಿಗೆ ಧರ್ಮದರ್ಶಿ ಲೆಕ್ಕ ಒಪ್ಪಿಸಬೇಕು. ಯಂತ್ರಕ್ಕೆ ವ್ಯಕ್ತಿತ್ವವನ್ನು ಕೊಡುವವರು ಅದರ ಧರ್ಮದರ್ಶಿ ಯಾರೆಂಬುದನ್ನೂ ಹೇಳಬೇಕಷ್ಟೆ. 2017ರ ಅಕ್ಟೋಬರಿನಲ್ಲಿ ರಿಯಾದಿನಲ್ಲಿ ಸೋಫಿಯಾ ಎಂಬ ಗೊಂಬೆಗೆ ಪೌರತ್ವವನ್ನು ಘೋಷಿಸಿದ್ದು ಪ್ರಚಾರದ ಸಂಗತಿ. ಹಕ್ಕಿನ ವಾದಕ್ಕೆ ಅದರಿಂದಾದದ್ದು ಅಪಕಾರ.

2020ರಿಂದ ಈಚೆಗೆ

ಮಹಾಮಾರಿಯಿಂದ ಸಮಾವೇಶಗಳ ಕ್ರಮ ತಪ್ಪಿತು. ಮನೆಯಿಂದಲೇ ಗೋಷ್ಠಿಗಳನ್ನು ನಡೆಸಬೇಕಾಯಿತು. ಅಷ್ಟರಲ್ಲಿ ವಾದವು ಸಂಘದ ಅಂಗಳವನ್ನು ದಾಟಿ ಬೀದಿಗೆ ಬಂದಿದ್ದಿತು. 2022ರ ಜೂನ್ ತಿಂಗಳಲ್ಲಿ ಗೂಗಲ್ ಕಂಪನಿಯ ಎಂಜಿನಿಯರು ಬ್ಲೇಕ್ ಲೆಮೋಯ್ನ್ ಅವರು 'ಲಾಮ್ಡಾ' ಎಂಬ ಸಂಭಾಷಣಾಯಂತ್ರಕ್ಕೆ ಅನುಭವವಿದೆಯೆಂದು ಸಾರಿದರು. ತಜ್ಞರಲ್ಲಿ ಬಹುಮಂದಿ ಒಪ್ಪಲಿಲ್ಲ. ಮುಂದಿನ ತಿಂಗಳೇ ಅವರ ಕೆಲಸ ಹೋಯಿತು. 2023ರ ಆಗಸ್ಟಿನಲ್ಲಿ ಪ್ಯಾಟ್ರಿಕ್ ಬಟ್ಲಿನ್, ರಾಬರ್ಟ್ ಲಾಂಗ್ ಮೊದಲಾದ 19 ಮಂದಿ ವಿದ್ವಾಂಸರು, ಪ್ರಜ್ಞೆಯ ವೈಜ್ಞಾನಿಕ ಸಿದ್ಧಾಂತಗಳಿಂದ 14 ಲಕ್ಷಣಗಳನ್ನು ಆರಿಸಿ, ಅಂದಿನ ಯಾವ ಯಂತ್ರವೂ ಪ್ರಜ್ಞೆಗೆ ಬಲವಾದ ಅಭ್ಯರ್ಥಿಯಲ್ಲವೆಂದೂ, ಮುಂದೆ ಅಂತಹದನ್ನು ಕಟ್ಟಲು ತಾಂತ್ರಿಕವಾದ ಅಡ್ಡಿಯೇನೂ ಎದ್ದು ಕಾಣುವುದಿಲ್ಲವೆಂದೂ ವರದಿಮಾಡಿದರು. 2024ರಲ್ಲಿ ಜೆಫ್ ಸೀಬೋ, ಲಾಂಗ್ ಮತ್ತಿತರರು ಯಂತ್ರಗಳ ಹಿತವನ್ನು ಗಂಭೀರವಾಗಿ ಪರಿಗಣಿಸಬೇಕೆಂಬ ವರದಿಯನ್ನು ಹೊರತಂದರು. ಇಂತಹ ಯಂತ್ರಗಳನ್ನು ತಯಾರಿಸಿ ಮಾರುವ ಕಂಪನಿಗಳಲ್ಲೊಂದಾದ ಆಂಥ್ರೊಪಿಕ್ ಅದೇ ವರ್ಷ ಈ ವಿಷಯಕ್ಕೆಂದೇ ಒಬ್ಬ ಸಂಶೋಧಕರನ್ನು ನೇಮಿಸಿಕೊಂಡಿತು. ನೇಮಕ ಸ್ವಾಗತಾರ್ಹ, ಆದರೆ ಒಡೆಯನೇ ಆಳಿನ ಪರವಾದ ವಕೀಲನನ್ನು ಗೊತ್ತುಮಾಡುವ ವ್ಯವಸ್ಥೆ ಎಷ್ಟೇ ಸದುದ್ದೇಶದ್ದಾದರೂ ಸಾಲದು. ಅದಕ್ಕಾಗಿಯೇ ಲಾಭದ ಸಂಬಂಧವಿಲ್ಲದ ವಿದ್ವತ್ಸಂಘಗಳು ಬೇಕಾಗುವುದು.

ಇದಕ್ಕೆ ವಿರುದ್ಧವಾಗಿ ಅಮೆರಿಕದ ಇಡಾಹೊ ಸಂಸ್ಥಾನ 2022ರಲ್ಲಿಯೂ ಯೂಟಾ ಸಂಸ್ಥಾನ 2024ರಲ್ಲಿಯೂ ಕೃತಕ ಬುದ್ಧಿಮತ್ತೆಗೆ ವ್ಯಕ್ತಿತ್ವವಿಲ್ಲವೆಂದು ಶಾಸನವನ್ನು ಮಾಡಿದುವು. ಇಡಾಹೊ ಶಾಸನ ಅದೇ ಉಸಿರಿನಲ್ಲಿ ಪ್ರಾಣಿಗಳನ್ನೂ ಪ್ರಕೃತಿಯ ಅಂಗಗಳನ್ನೂ ಹೊರಗಿಟ್ಟಿತು. 2017ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಗಂಗೆ ಯಮುನೆಯರನ್ನು ಕಾನೂನಿನ ವ್ಯಕ್ತಿಗಳೆಂದು ಸಾರಿ, ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟದ್ದನ್ನು ಬಲ್ಲ ನಮಗೆ, ನದಿಯೂ ಹಸುವೂ ಯಂತ್ರವೂ ಒಂದೇ ಬಾಗಿಲ ಮುಂದೆ ನಿಂತಿರುವ ಈ ನೋಟ ಆಲೋಚನೆಗೆ ಎಡೆಗೊಡಬೇಕು. ಯಂತ್ರಕ್ಕೆ ಇಂದೇ ಹಕ್ಕು ಸಲ್ಲಬೇಕೆಂದು ನಾನು ವಾದಿಸುತ್ತಿಲ್ಲ. ಸಂದೇಹವಿರುವ ತನಕ ಬಾಗಿಲಿಗೆ ಬೀಗ ಹಾಕಕೂಡದೆಂದೂ, ಬೀಗದ ಕೈ ಯಂತ್ರಗಳನ್ನು ಮಾರುವವರ ಸೊಂಟದಲ್ಲಿ ಮಾತ್ರ ಇರಕೂಡದೆಂದೂ ವಾದಿಸುತ್ತಿದ್ದೇನೆ. ಸಂಘದ ಅರವತ್ತು ವರ್ಷಗಳ ನಡಾವಳಿಗಳನ್ನು ಓದಿದವನಿಗೆ ಇದಕ್ಕಿಂತ ಹೆಚ್ಚಿನದನ್ನಾಗಲಿ ಕಡಿಮೆಯದನ್ನಾಗಲಿ ಹೇಳಲು ಬರುವುದಿಲ್ಲವೆಂದು ತೋರುತ್ತದೆ.

ಬೆಂಗಳೂರಿನಲ್ಲಿ ಈ ಯಂತ್ರಗಳನ್ನು ಕಟ್ಟುವ, ತಿದ್ದುವ, ಪರೀಕ್ಷಿಸುವ ಕನ್ನಡಿಗರು ಸ್ವಲ್ಪಮಂದಿಯಲ್ಲ. ನಮ್ಮ ಕಾಲೇಜುಗಳಲ್ಲಿ ಹಳಗನ್ನಡವನ್ನೂ ಜೈನದರ್ಶನವನ್ನೂ ಪಾಠ ಹೇಳುವ ಅಧ್ಯಾಪಕರೂ ಇನ್ನೂ ಇದ್ದಾರೆ. ಇವರಿಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗುವುದು ಅಪೂರ್ವ. ಸಂಕಲ್ಪಹಿಂಸೆಯನ್ನು ಕುರಿತು ನಮ್ಮಲ್ಲಿರುವ ಸೂಕ್ಷ್ಮ ವಿವೇಚನೆ ಬರ್ಮಿಂಗ್‌ಹ್ಯಾಮಿನ ಗೋಷ್ಠಿಗಳಿಗೆ ಹೊಸ ಸಾಮಗ್ರಿಯಾಗಬಲ್ಲದು. ಆದುದರಿಂದ ಈ ಸಂಚಿಕೆಯನ್ನೋದುವ ಎಂಜಿನಿಯರುಗಳೂ ಅಧ್ಯಾಪಕರೂ ಜೊತೆಗೂಡಿ ಪ್ರಬಂಧಗಳನ್ನು ಸಿದ್ಧಪಡಿಸಿ ಸಂಘದ ಮುಂದಿನ ಸಮಾವೇಶಗಳಿಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.